ಕೊಡ ಎತ್ತಬಹುದಂತೆ, ಸೈಕಲ್ ತುಳೀಬಾರ್ದಂತೆ

ಎದೆ ಕುಯ್ಸಿ ವಾಲ್ವ್ ಹಾಕಿಸ್ಕಂಡೋಳು ಸೈಕಲ್ ತುಳೀಬಾರ್ದು ಅಂತ ನಮ್ಮ ನೆಂಟರಿಷ್ಟರಲ್ಲಿ ಒಂದು ತೀರ್ಮಾನ ಆಗೋಗದೆ. ಯಾರು ಕೂತು ಮಾಡಿದ್ರೋ, ಯಾವ ಜಗಲಿ ಮೇಲೆ ಆಯ್ತೋ ಗೊತ್ತಿಲ್ಲ. ಈ ತಿಂಗಳು ಕಳೆಯೋದ್ರೊಳಗೆ ಸೈಕಲ್ಲನ್ನ ಮಾರಿಬುಡಬೇಕಂತೆ, ಗುಂಡ್ಲುಪೇಟೇಲಿ ಗಿರಾಕೀನೂ ನೋಡಿಟ್ಟವ್ರಂತೆ. ಸೈಕಲ್ ನನ್ನ ತಂಗೀದು, ಅವಳ ಸಂಬಳದಲ್ಲಿ ಅವಳೇ ತಕ್ಕಂಡಿದ್ದು. ಮಾರಕ್ಕೆ ಹೊರಟೋರೂ ಇದನ್ನ ಓದ್ತಾರೆ, ಮಾರಿ ಅಂತ ಹೇಳ್ಕೊಟ್ಟೋರೂ ಓದ್ತಾರೆ. ಇಬ್ಬರಿಗೂ ನಂದೊಂದು ಪ್ರಶ್ನೆ. ಆಪರೇಶನ್ ಆಗಿ ಹತ್ತನೇ ವಾರಕ್ಕೆ ಅವಳ ಸೊಂಟಕ್ಕೆ ನೀರಿನ ಕೊಡ ಬಂತಲ್ಲ, ಆವತ್ತು ಈ ತೀರ್ಮಾನ ಎಲ್ಲಿಗೆ ಹೋಗಿತ್ತು?

ತುಂಬಿದ ಕೊಡ ಅಂದ್ರೆ ಹದಿನೈದು ಕೆಜಿ. ಈ ಆಪರೇಶನ್ನಲ್ಲಿ ಎದೆ ಮೂಳೇನ ನಡುವೆ ಉದ್ದಕ್ಕೆ ಕುಯ್ದು, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿ ಹಾಕಿ ಬಿಗಿದು ಕಳಿಸ್ತಾರೆ. ಆ ಮೂಳೆ ಕೂಡಕ್ಕೆ ಎರಡರಿಂದ ಮೂರು ತಿಂಗಳು ಬೇಕು. ಅಲ್ಲೀವರೆಗೂ ಭಾರ ಎತ್ತಬಾರ್ದು, ಎಳೀಬಾರ್ದು, ನೂಕಬಾರ್ದು ಅಂತ ಡಿಸ್ಚಾರ್ಜ್ ಚೀಟೀಲೇ ಬರೆದಿತ್ತು. ಚೀಟಿ ಬೀರುವಿನಲ್ಲಿತ್ತು, ಕೊಡ ಸೊಂಟದ ಮೇಲಿತ್ತು. ಆಗ ಯಾರ ಬಾಯಲ್ಲೂ "ಅಯ್ಯೋ, ಹಾರ್ಟ್ ಆಪರೇಶನ್ ಆದೋಳು" ಅನ್ನೋ ಮಾತು ಬರಲಿಲ್ಲ. ಆಮೇಲೆ ಚೆಂಡುಹೂವಿನ ಕೊಯ್ಲು ಬಂತು, ಸಣ್ಣ ಈರುಳ್ಳಿ ಬಿಡಿಸೋದು ಬಂತು, ಅರಿಸಿನ ಬೇಯಿಸೋದು ಬಂತು. ಎಲ್ಲಾದಕ್ಕೂ ಹೋದ್ಲು. "ನಿಧಾನಕ್ಕೆ ಮಾಡವ್ವ" ಅಂದ್ರು, ಅಷ್ಟೆ. ಹದಿನಾಲ್ಕನೇ ತಿಂಗಳಿಗೆ, ಡಾಕ್ಟ್ರು ಎಕೋ ನೋಡಿ, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿ ಹೂಂ ಅಂದ ಮೇಲೆ, ಅವಳು ಸೈಕಲ್ ಹೊರಗೆ ತೆಗೆದ್ಲು ನೋಡಿ, ಇಡೀ ಬೀದಿಗೆ ಅವಳ ಎದೆ ನೆನಪಾಯ್ತು.

ಭಾರ ಎತ್ತೋದಕ್ಕೂ ಪೆಡಲ್ ತುಳಿಯೋದಕ್ಕೂ ಎದೆ ಒಳಗೆ ಒಂದೇ ಲೆಕ್ಕ ಅಲ್ಲ ಕಣ್ರವ್ವ. ಕೊಡ ಎತ್ತುವಾಗ ನಾವು ಉಸಿರು ಕಟ್ಟಿ ಹೊಟ್ಟೆ ಬಿಗಿಹಿಡಿದು ಎತ್ತುತೀವಿ. ಆ ಗಳಿಗೇಲಿ ರಕ್ತದ ಒತ್ತಡ ಗಕ್ಕನೆ ಮೇಲಕ್ಕೆ ಹೋಯ್ತದೆ. ಸಪಾಟು ರಸ್ತೇಲಿ, ಪಕ್ಕದೋರ ಜೊತೆ ಮಾತಾಡ್ಕಂಡು ಹೋಗೋವಷ್ಟು ವೇಗದಲ್ಲಿ ತುಳಿದ್ರೆ ಬಡಿತ ಮೆಲ್ಲಗೆ ಏರಿ ಒಂದು ಮಟ್ಟದಲ್ಲಿ ನಿಲ್ತದೆ, ಇಳಿದು ಕೂತಾಗ ಮೆಲ್ಲಗೆ ಇಳೀತದೆ. ಹಾರ್ಟ್ ಆಪರೇಶನ್ ಆದೋರು ಚೇತರಿಸ್ಕಳಕ್ಕೆ ಅಂತ ದೊಡ್ಡ ಆಸ್ಪತ್ರೆಗಳಲ್ಲೇ ನಿಂತಲ್ಲೇ ತುಳಿಯೋ ಸೈಕಲ್ ಇಟ್ಟಿರ್ತಾರೆ. ಕೊಡ ಇಟ್ಟು ಎತ್ತಿಸೋ ಆಸ್ಪತ್ರೇನ ಯಾರಾದ್ರೂ ಕಂಡಿದ್ರೆ ನನಗೂ ತೋರಿಸಿ.

ಇನ್ನೊಂದು ಮಾತು ಮರೆತುಬುಟ್ಟಿದ್ದೀರಿ. ಅವಳ ಕಾಯಿಲೆ ಹಿಡಿದುಕೊಟ್ಟಿದ್ದೇ ಆ ಸೈಕಲ್ಲು.

ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಕ್ಕೆ ಶುರು ಮಾಡಿದ್ದು 2006-07ರಲ್ಲಿ. ಅದೇ ವರ್ಷ ಅವಳು ಎಂಟನೇ ಕ್ಲಾಸು. ಅವತ್ತಿಂದ ಕಾಲು ಪೆಡಲ್ ಬುಟ್ಟಿಲ್ಲ. ಮೈಸೂರಲ್ಲಿ ಲೆಕ್ಕ ಬರೆಯೋ ಕೆಲಸ ಸಿಕ್ಕಿದ ಮೇಲೆ ದಪ್ಪ ಟೈರಿನ ಗೇರ್ ಸೈಕಲ್ ತಕ್ಕಂಡ್ಲು. ಭಾನುವಾರ ವತ್ತಾರೆ ಚಾಮುಂಡಿಬೆಟ್ಟ, ಆಮೇಲೆ ಮಣ್ಣು ದಾರಿ, ಕೆರೆ ಏರಿ, ಒಂದೊಂದು ದಿನ ನೂರು ಕಿಲೋಮೀಟರು. ಡಿಸೆಂಬರಿನಲ್ಲಿ ಟೂರ್ ಆಫ್ ನೀಲಗಿರೀಸ್ ಅಂತ 2008ರಿಂದ ನಡೀತದಲ್ಲ, ಬಣ್ಣಬಣ್ಣದ ಬಟ್ಟೆ ಹಾಕ್ಕಂಡು ನಮ್ಮ ಕಡೆ ರಸ್ತೇಲಿ ಸಾಲಾಗಿ ಹೋಯ್ತಾರಲ್ಲ, ಮಕ್ಕಳೆಲ್ಲ ಓಡೋಗಿ ಕೈ ಬೀಸ್ತವೆ. ಮಸಿನಗುಡಿ ಕಡೆಯಿಂದ ಊಟಿಗೆ 36 ತಿರುವು ಹತ್ತಬೇಕು. ಅದರಲ್ಲಿ ಒಂದು ಸಲ ನಾನೂ ಹತ್ತಬೇಕು ಅನ್ನೋದು ಅವಳ ಆಸೆ. ಹಂಗೆ ತಯಾರಿ ಮಾಡ್ತಿದ್ದೋಳಿಗೆ ಒಂದು ವರ್ಷ ಚಾಮುಂಡಿಬೆಟ್ಟದ ಅರ್ಧ ದಾರೀಲೇ ಉಸಿರು ಸಾಲದಾಯ್ತು. ಹೋದ ವರ್ಷ ಹತ್ತಿದ ಬೆಟ್ಟ ಈ ವರ್ಷ ಯಾಕೆ ಆಗ್ತಿಲ್ಲ ಅಂತ ಕೇಳ್ಕಂಡು ಆಸ್ಪತ್ರೆಗೆ ಹೋದ್ಲು. ಎಕೋದಲ್ಲಿ ಕಂಡಿದ್ದು ಮೈಟ್ರಲ್ ವಾಲ್ವ್ ಕೆಟ್ಟಿರೋದು.

ಇದು ನಮ್ಮಂಥ ಊರುಗಳಲ್ಲಿ ಹೆಂಗಸರಿಗೆ ಹೆಚ್ಚಾಗಿ ಬರೋ ಕಾಯಿಲೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಅದಕ್ಕೆ ಸರಿಯಾದ ಔಷಧಿ ಬೀಳದೆ, ಕೆಲವು ವಾರದ ಮೇಲೆ ಜ್ವರ, ಒಂದು ಕೀಲಿಂದ ಇನ್ನೊಂದು ಕೀಲಿಗೆ ಹಾರೋ ನೋವು. ಊರು ಅದನ್ನ ಬೆಳೆಯೋ ನೋವು ಅಂತದೆ. ರುಮಾಟಿಕ್ ಜ್ವರ ಅದರ ಹೆಸರು. ಕೀಲು ವಾಸಿಯಾಯ್ತದೆ, ಒಳಗೆ ವಾಲ್ವ್ ಮಾತ್ರ ಸದ್ದಿಲ್ಲದೆ ಗಟ್ಟಿಯಾಗ್ತಾ ಬತ್ತದೆ. ಇಪ್ಪತ್ತು ವರ್ಷ ಆದ ಮೇಲೆ ಸುಸ್ತು, ಏದುಸಿರು. ಮನೇಲಿ ಕೆಲಸ ಮಾಡೋ ಹೆಂಗಸಿಗೆ ಸುಸ್ತಾದ್ರೆ ಯಾರು ಕೇಳ್ತಾರೆ? "ರಕ್ತ ಕಮ್ಮಿ ಇರಬೇಕು, ಬೀಟ್‌ರೂಟ್ ತಿನ್ನು" ಅಂತಾರೆ. ಎಷ್ಟೋ ಜನಕ್ಕೆ ಬಸುರಿಯಾದಾಗಲೇ ಗೊತ್ತಾಗೋದು, ಅದೂ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದಾಗ. ನನ್ನ ತಂಗೀಗೆ ಅದಕ್ಕಿಂತ ಮೊದಲೇ ಗೊತ್ತಾಗಿದ್ದು ಅವಳಿಗೆ ಅಳೆಯಕ್ಕೆ ಒಂದು ಬೆಟ್ಟ ಇದ್ದದ್ದರಿಂದ. ಈಗ ಅಳತೆಗೋಲನ್ನೇ ಮಾರಬೇಕು ಅಂತೀರಿ.

ನಿಜವಾದ ಕಾರಣ ಏನು ಅಂತ ನಾನೇ ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ಕೊಡದ ನೀರು ಮನೆಗೆ ಬತ್ತದೆ, ಕೊಯ್ದ ಹೂವಿನ ದುಡ್ಡು ಮನೆಗೆ ಬತ್ತದೆ. ಸೈಕಲ್ಲಿಂದ ಬರೋ ಸಂತೋಷ ಅವಳೊಬ್ಬಳಿಗೆ. ಸೊಸೆಯಾದೋಳು ಹಟ್ಟಿಗೋಸ್ಕರ ಮೈ ಮುರಿದ್ರೆ ಅದು ಗಟ್ಟಿಗಿತ್ತಿತನ, ತನಗೋಸ್ಕರ ಮೈ ಬೆವರಿಸಿದ್ರೆ ಅದು ಪ್ರಾಣಕ್ಕೆ ಅಪಾಯ. ಜೊತೆಗೆ ಪ್ಯಾಂಟು, ಹೆಲ್ಮೆಟ್ಟು, ಒಬ್ಬಳೇ ಹೋಗೋದು, ಟೀ ಅಂಗಡಿ ಮುಂದೆ ಕೂತಿರೋ ಗಂಡಸರು ತಿರುಗಿ ನೋಡೋದು. ಅದನ್ನ ಹೇಳಿದ್ರೆ ಕಾಲ ಬದಲಾಗದೆ ಅಂತ ಅವಳು ವಾದ ಮಾಡ್ತಾಳೆ. "ನಿನ್ನ ಎದೆ" ಅಂದುಬುಟ್ರೆ ಬಾಯಿ ಕಟ್ಟಿಹೋಯ್ತದೆ. ಕಾಯಿಲೆ ಎಷ್ಟು ಅನುಕೂಲ ನೋಡಿ ಕೆಲವರಿಗೆ.

ಅದೇ ಬಾಯೇ ಸಂಜೆ ಹೊತ್ತು ಪಡಸಾಲೇಲಿ ಕೂತು ಕೇಳ್ತದೆ, "ವಿಶೇಷ ಏನಾದ್ರೂ ಅದಾ? ಮದುವೆಯಾಗಿ ಐದು ವರ್ಷ ಆಯ್ತಲ್ಲ" ಅಂತ. ಚಿಕ್ಕವ್ವ, ದೊಡ್ಡವ್ವ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಬಸುರಿಯಾದ್ರೆ ಮೈಯಲ್ಲಿರೋ ರಕ್ತದ ಪ್ರಮಾಣ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚಾಯ್ತದೆ. ಆ ಹೆಚ್ಚಿನ ರಕ್ತವನ್ನೆಲ್ಲ ಹಗಲೂ ರಾತ್ರಿ, ತಿಂಗಳುಗಟ್ಟಲೆ ತಳ್ಳಬೇಕಾದ್ದು ಇದೇ ಎದೆ. ಸೈಕಲ್ಲಾದ್ರೆ ಸಾಕಾದಾಗ ಇಳೀಬಹುದು. ಅದೂ ಅಲ್ಲದೆ ಅವಳು ತಕ್ಕಳ್ತಿರೋ ರಕ್ತ ತೆಳುವಾಗಿಸೋ ಮಾತ್ರೆ, ವಾರ್ಫರಿನ್ ಜಾತೀದು, ಮೊದಲ ತಿಂಗಳುಗಳಲ್ಲಿ ಹೊಟ್ಟೇಲಿರೋ ಮಗುವಿಗೆ ಕೆಡುಕು ಮಾಡಬಹುದು. ಹಂಗಂತ ತಾನಾಗೇ ಮಾತ್ರೆ ಬುಟ್ರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿ ತಾಯಿ ಪ್ರಾಣಕ್ಕೇ ಬತ್ತದೆ. ಮಗು ಬೇಕು ಅಂತ ಯೋಚನೆ ಬಂದ ದಿನವೇ, ಬಸುರಾಗೋಕೆ ಮೊದಲೇ, ಹಾರ್ಟ್ ಡಾಕ್ಟ್ರು ಹೆರಿಗೆ ಡಾಕ್ಟ್ರು ಇಬ್ಬರನ್ನೂ ಕಾಣಬೇಕು. ಇಷ್ಟು ದೊಡ್ಡ ವಿಷಯಾನ ಪುರಿ ತಿನ್ಕಂಡು ಕೇಳ್ತೀರಿ. ಸೈಕಲ್ ಕಂಡ್ರೆ ಮಾತ್ರ ಎದೆ ಹೊಡ್ಕಳ್ತದೆ.

ಇನ್ನು ಅಪಾಯವೇ ಇಲ್ವಾ ಅಂದ್ರೆ, ಅದೆ. ಅದನ್ನ ಮುಚ್ಚಿಟ್ಟು ವಾದ ಮಾಡೋಳಲ್ಲ ನಾನು. ಅಮೆರಿಕದ ಒರೆಗಾನಿನಲ್ಲಿ 1960ರಲ್ಲಿ ಆಲ್ಬರ್ಟ್ ಸ್ಟಾರ್ ಅನ್ನೋ ಸರ್ಜನ್ನು, ಲೋವೆಲ್ ಎಡ್ವರ್ಡ್ಸ್ ಅನ್ನೋ ಇಂಜಿನಿಯರು ಸೇರಿ ಪಂಜರದೊಳಗೆ ಗೋಲಿ ಇಟ್ಟಂಗಿರೋ ಒಂದು ವಾಲ್ವ್ ಮಾಡಿದ್ರು. ಅದನ್ನ ಹಾಕಿಸ್ಕಂಡು ಮೊದಲು ಬದುಕಿ ಮನೆಗೆ ಹೋದೋರಲ್ಲಿ ಫಿಲಿಪ್ ಅಮಂಡ್‌ಸನ್ ಅಂತ ಒಬ್ಬ. ಹತ್ತು ವರ್ಷ ಚೆನ್ನಾಗಿದ್ದ. ಸತ್ತಿದ್ದು ವಾಲ್ವ್ ಕೆಟ್ಟು ಅಲ್ಲ, ಮನೆಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು. ನನ್ನ ತಂಗಿಗೂ ಹೆದರಬೇಕಾದ್ದು ಬೀಳೋದಕ್ಕೆ. ರಕ್ತ ತೆಳುವಾಗಿಸೋ ಮಾತ್ರೆ ನುಂಗೋರು ಬಿದ್ದು ತಲೆಗೆ ಪೆಟ್ಟು ಮಾಡ್ಕಂಡ್ರೆ ಹೊರಗೆ ಏನೂ ಕಾಣದಿದ್ರೂ ಒಳಗೆ ರಕ್ತ ಸುರೀತಿರಬಹುದು. ಸಣ್ಣ ಪೆಟ್ಟು ಅಂತ ಅರಿಸಿನ ಹಚ್ಚಿ ಮಲಗಿಸಂಗಿಲ್ಲ, ಆಸ್ಪತ್ರೆಗೇ ಓಡಬೇಕು. ಒದ್ದೆ ಬಚ್ಚಲಲ್ಲಿ ಜಾರಿ ಬಿದ್ರೂ ಇದೇ ಮಾತು. ಬಚ್ಚಲನ್ನ ಯಾರೂ ಮಾರಕ್ಕೆ ಹೊರಟಿಲ್ಲ.

ಅದಕ್ಕೇ ಅವಳು ಅರ್ಧ ಬುಟ್ಟವ್ಳೆ, ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಕಲ್ಲು ದಾರೀಲಿ ಬೆಟ್ಟದಿಂದ ಇಳಿಯೋದು, ಕೊರಕಲು ಹಾರಿಸೋದು, ರೇಸು, ಮೂರೂ ಬುಟ್ಲು. ಅವಳಿಗೆ ಬಲು ಇಷ್ಟ ಇದ್ದದ್ದೇ ಆ ಕಲ್ಲಿನ ಇಳಿಜಾರು. ಬುಡುವಾಗ ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ. ಉಳಿಸ್ಕಂಡಿರೋದು ದೂರ ಹೋಗೋದೊಂದನ್ನ. ಹೆಲ್ಮೆಟ್ ಇಲ್ದೆ ಅಂಗಳ ದಾಟಲ್ಲ. ನಮ್ಮ ಚೆಕ್‌ಪೋಸ್ಟ್ ಕಡೆಗೆ, ಕಾಡಿನ ಕಡೆಗೆ ತಿರುಗಲ್ಲ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿಗಳನ್ನೇ ಬುಡದ ರಸ್ತೆ ಅದು, ಆನೆ ಇರೋ ಜಾಗಕ್ಕೆ ಸೈಕಲ್ ತಕ್ಕಂಡು ಹೋಗೋವಷ್ಟು ದಡ್ಡಿ ಅಲ್ಲ ಅವಳು. ಚೆನ್ನಾಗಿ ಬೆಳಕಾದ ಮೇಲೆ ಗುಂಡ್ಲುಪೇಟೆ ಕಡೆ ಹೋಯ್ತಾಳೆ. ಮೊದಲ ವಾರ ಊರಾಚೆ ತನಕ, ಆಮೇಲೆ ಸ್ವಲ್ಪ ಮುಂದಕ್ಕೆ, ಹಿಂಗೇ ತಿಂಗಳುಗಟ್ಟಲೆ ಬೆಳೆಸ್ಕಂಡು ಬಂದವ್ಳೆ. ತೆರಕಣಾಂಬಿ ಮೇಲೆ ಚಾಮರಾಜನಗರ ಮುಟ್ಟಿ ಒಂದೇ ದಿನ ವಾಪಸ್ಸು ಬರಬೇಕು ಅನ್ನೋದು ಈ ವರ್ಷದ ಗುರಿ. ಎದೆ ಡವಗುಟ್ಟಿದ್ರೆ, ತಲೆ ಸುತ್ತಿದ್ರೆ, ಪಾದ ಊದಿದ್ರೆ, ರಾತ್ರಿ ಮಲಗಿದಾಗ ಉಸಿರು ಕಟ್ಟಿದ್ರೆ ಅವತ್ತೇ ನಿಲ್ಲಿಸಿ ಫೋನ್ ಮಾಡು ಅಂತ ಡಾಕ್ಟ್ರು ಹೇಳವ್ರೆ. ಅದು ಸೈಕಲ್ ಬ್ಯಾಗಿನಲ್ಲೇ ಬರೆದಿಟ್ಟದೆ, ಮಾತ್ರೆ ಹೆಸರಿನ ಜೊತೆ.

ಹೊರದೇಶದಲ್ಲೂ ದಾರಿ ಹಿಂಗೇ ತಿರುಗ್ತಿದೆ. ಅಮೆರಿಕದ ಹೃದಯ ತಜ್ಞರ ಸಂಘಗಳು 2025ರಲ್ಲಿ ಹೊರಡಿಸಿದ ಹೇಳಿಕೇಲಿ, ಹೃದ್ರೋಗ ಇರೋ ಆಟಗಾರರನ್ನ ಸುಮ್ಮನೆ "ಆಡಬೇಡ" ಅಂತ ಹೊರಗೆ ಹಾಕೋದಕ್ಕಿಂತ, ಅಪಾಯ ಏನು ಎಷ್ಟು ಅಂತ ಬಿಡಿಸಿ ಹೇಳಿ, ಅವರನ್ನೂ ಕೂರಿಸ್ಕಂಡು ತೀರ್ಮಾನ ಮಾಡಿ ಅಂತ ಒತ್ತಿ ಹೇಳವ್ರೆ. ಟಿವೀಲಿ ಬರೋ ಅರ್ನಾಲ್ಡ್ ಶ್ವಾರ್ಜನೆಗರ್ ಗೊತ್ತಲ್ಲ, ನಮ್ಮ ಹೈಕಳೆಲ್ಲ ತೋಳು ತೋರಿಸ್ಕಂಡು ಕುಣೀತಿದ್ವಲ್ಲ? ಅವನಿಗೆ 1997ರಲ್ಲೇ ವಾಲ್ವ್ ಆಪರೇಶನ್ ಆಗದೆ, 2018ರಲ್ಲೂ 2020ರಲ್ಲೂ ಮತ್ತೆ. ಮೊದಲನೇದಾದ ಮೇಲೆ ಸಿನಿಮಾ ಮಾಡಿದ, ಗವರ್ನರೂ ಆದ. ಅವನನ್ನ ಮೂಲೇಲಿ ಕೂತ್ಕಳಪ್ಪ ಅಂದೋರು ಯಾರೂ ಇಲ್ಲ.

ನಿಮಗೆ ನಿಜವಾಗ್ಲೂ ಅವಳ ಎದೆ ಮೇಲೆ ಕಾಳಜಿ ಇದ್ರೆ ಅಡುಗೆಮನೆಗೆ ಬನ್ನಿ, ಅಲ್ಲದೆ ಮಾಡೋ ಕೆಲಸ. ಮಾತ್ರೆ ಸರಿಯಾಗಿ ಹಿಡೀತಿದೆಯಾ ಅಂತ ನೋಡಕ್ಕೆ ಐಎನ್‌ಆರ್ ಅಂತ ರಕ್ತ ಪರೀಕ್ಷೆ ಮಾಡಿಸ್ತಾರೆ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇರೋರಿಗೆ ಅದು ಸಾಮಾನ್ಯವಾಗಿ 2.5ರಿಂದ 3.5ರ ಒಳಗಿರಬೇಕು. ಕೆಳಗಿಳಿದ್ರೆ ರಕ್ತ ಹೆಪ್ಪುಗಟ್ಟೋ ಭಯ, ಮೇಲೆ ಹೋದ್ರೆ ರಕ್ತ ಸೋರೋ ಭಯ. ಇದನ್ನ ಅಲ್ಲಾಡಿಸೋದು ಸೈಕಲ್ಲಿಗಿಂತ ನಮ್ಮ ಸಾರಿನ ಪಾತ್ರೆ. ಸೊಪ್ಪಿನಲ್ಲಿ ವಿಟಮಿನ್ ಕೆ ಅಂತ ಅದೆ, ಅದು ಮಾತ್ರೆ ಕೆಲಸಕ್ಕೆ ಎದುರು. ನಮ್ಮ ಕಡೆ ಊಟ ಹೆಂಗೆ? ಮಳೆ ಬಿದ್ದು ಸೊಪ್ಪು ಎದ್ರೆ ವಾರವೆಲ್ಲಾ ಉಪ್ಸಾರು, ಮಸ್ಸೊಪ್ಪು, ನುಗ್ಗೆಸೊಪ್ಪು, ಕೀರೆ, ಹೊನಗನ್ನೆ. ಆಮೇಲೆ ಹದಿನೈದು ದಿನ ಬರೀ ಹುರುಳಿಕಾಳು. ಆ ಏರಿಳಿತವೇ ಕೆಟ್ಟದ್ದು. ಸೊಪ್ಪು ಬುಡಬೇಕು ಅಂತ ಯಾರೂ ಹೇಳಿಲ್ಲ, ಸೊಪ್ಪು ಒಳ್ಳೇದೇ. ದಿನಾ ಹೆಚ್ಚೂಕಮ್ಮಿ ಒಂದೇ ಅಳತೆ ತಿನ್ನಬೇಕು, ಅಷ್ಟೆ. ಹೋದ ಆಷಾಢದಲ್ಲಿ ಒಬ್ಬರು ರಕ್ತ ಆಗ್ತದೆ ಅಂತ ದಿನಾ ವತ್ತಾರೆ ನುಗ್ಗೆಸೊಪ್ಪಿನ ರಸ ಕುಡಿಸಿದ್ರು. ಪ್ರೀತಿಯಿಂದಾನೇ. ಐಎನ್‌ಆರ್ 1.6ಕ್ಕೆ ಇಳೀತು. ಆ ಎಂಟು ದಿನ ಇದ್ದ ಅಪಾಯ ಅವಳು ಇಲ್ಲೀತನಕ ತುಳಿದ ಅಷ್ಟೂ ಕಿಲೋಮೀಟರಿನಲ್ಲಿ ಇರಲಿಲ್ಲ.

ಮೈಕೈ ನೋವಿಗೆ, ಮುಟ್ಟಿನ ಹೊಟ್ಟೆನೋವಿಗೆ ಮೆಡಿಕಲ್ ಅಂಗಡೀಲಿ ಕೇಳಿ ತರೋ ಮಾತ್ರೆ ಇನ್ನೊಂದು. ಅದರಲ್ಲಿ ಎಷ್ಟೋ ನೋವಿನ ಮಾತ್ರೆಗಳು ಈ ಔಷಧಿ ಜೊತೆ ಸೇರಿದ್ರೆ ಹೊಟ್ಟೇಲಿ ರಕ್ತ ಸೋರಬಹುದು. ಡಾಕ್ಟ್ರನ್ನ ಕೇಳದೆ ಯಾವುದನ್ನೂ ಕೊಡಬೇಡಿ, ನಾಟಿ ಔಷಧಿ ಪುಡೀನೂ ಸೇರಿಸಿ. ಮುಟ್ಟಾದಾಗ ಇವರಿಗೆ ರಕ್ತ ಹೆಚ್ಚು ಹೋಯ್ತದೆ. ಅದನ್ನ ಯಾರೂ ಮೊದಲೇ ಹೇಳಿರಲ್ಲ, ಇವರು ನಾಚ್ಕಂಡು ಬಾಯಿ ಬುಡಲ್ಲ, ಆಮೇಲೆ ನಿಜವಾಗ್ಲೂ ರಕ್ತ ಕಮ್ಮಿಯಾಗಿ ಸುಸ್ತು. ಆ ಸುಸ್ತಿಗೂ ಸೈಕಲ್ಲೇ ಕಾರಣ ಅಂದ್ರು ಹೋದ ತಿಂಗಳು. ಹಲ್ಲು ಕೀಳಿಸಬೇಕಾದ್ರೆ ಮೊದಲೇ ವಾಲ್ವ್ ವಿಷಯ ಹೇಳಬೇಕು, ಇನ್‌ಫೆಕ್ಷನ್ ಆಗದ ಹಂಗೆ ಔಷಧಿ ಕೊಡ್ತಾರೆ. ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಅದೆ, ಜ್ವರ ಮರುಕಳಿಸಬಾರ್ದು ಅಂತ. ಅದರ ತಾರೀಕು ಅವಳಿಗೂ ನನಗೂ ಬುಟ್ರೆ ಹಟ್ಟೀಲಿ ಯಾರಿಗೆ ಗೊತ್ತು, ಹೇಳಿ?

ಅವಳ ಎದೇಲಿರೋದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೇಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಜೊತೆಯೋರು ಮಾಡಿದ್ದು. ಆಮೇಲೆ ನಮ್ಮ ಮಣಿಪಾಲದಲ್ಲಿ ಕುಲಪತಿ ಆಗಿದ್ದೋರು ಅವರು. ಒಂದಾದ ಮೇಲೊಂದು ಮಾದರಿ ಸೋತು, ಕೊನೆಗೆ ಗೆದ್ದಿದ್ದನ್ನ 1990ರ ಡಿಸೆಂಬರಿನಲ್ಲಿ ಮೊದಲ ಸಲ ಮನುಷ್ಯರಿಗೆ ಹಾಕಿದ್ರು. ಹೊರದೇಶದ ವಾಲ್ವ್ ಕೊಳ್ಳಕ್ಕಾಗದ ನಮ್ಮಂಥೋರಿಗೆ ಅಂತಾನೇ ಮಾಡಿದ್ದು. ಒಂದು ಬಳೆ, ಅದರೊಳಗೆ ವಾಲಿ ತೆರೆದು ಮುಚ್ಚೋ ಒಂದು ಬಿಲ್ಲೆ. ನಿಮಿಷಕ್ಕೆ ಎಪ್ಪತ್ತು ಬಡಿತ ಅಂದ್ರೆ ದಿನಕ್ಕೆ ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿ ದಾಟ್ತದೆ. ರಾತ್ರಿ ನಿಶ್ಶಬ್ದದಲ್ಲಿ ಪಕ್ಕ ಮಲಗಿದ್ರೆ ಟಿಕ್ ಟಿಕ್ ಅಂತ ಕೇಳಿಸ್ತದೆ. ವರ್ಷಗಟ್ಟಲೆ ದುಡೀಲಿ ಅಂತ ಮಾಡಿದ ಸಾಮಾನು ಅದು. ಪ್ರಾಣಿ ಅಂಗಾಂಶದ ವಾಲ್ವೂ ಸಿಕ್ತದೆ, ಅದಕ್ಕೆ ಜೀವನಪೂರ್ತಿ ಈ ಮಾತ್ರೆ ಬೇಡ, ಆದ್ರೆ ಚಿಕ್ಕ ವಯಸ್ಸಿನೋರಲ್ಲಿ ಬೇಗ ಸವೆದು ಮತ್ತೆ ಎದೆ ತೆಗೀಬೇಕಾಯ್ತದೆ. ಯಾವುದು ಅಂತ ಆರಿಸೋ ದಿನ ಆಸ್ಪತ್ರೆ ವರಾಂಡದಲ್ಲಿ ಏಳು ಜನ ಮಾತಾಡಿದ್ರು, ಮಾವ, ಭಾವ, ಎಲ್ಲಾ. ಯಾವುದು ಎಷ್ಟು ವರ್ಷ ಬತ್ತದೆ ಅಂತ ಕೇಳಿದ್ರು. ನಿನಗೆ ಮುಂದೆ ಏನು ಮಾಡಬೇಕು ಅಂತ ಆಸೆ ಅಂತ ಅವಳನ್ನ ಕೇಳಿದೋರು ಒಬ್ಬರೂ ಇಲ್ಲ. ಕೇಳಿದ್ರೂ ಇದೇ ವಾಲ್ವ್ ಆಗ್ತಿತ್ತೇನೋ. ಕೇಳಬೇಕಿತ್ತು.

ಅವಳ ಅತ್ತೇಗೆ ಒಂದು ಮಾತು. ಅತ್ತೆ, ಆಸ್ಪತ್ರೇಲಿ ಹನ್ನೊಂದು ದಿನ ನೀವೇ ಕೂತಿದ್ರಿ, ನಿಮ್ಮ ಭಯ ಸುಳ್ಳಲ್ಲ ಅಂತ ನನಗೆ ಗೊತ್ತು. ಸೈಕಲ್ ಹೊರಟಾಗೆಲ್ಲ ದೇವರ ಮುಂದೆ ಕೂರ್ತೀರಿ ಅಂತಾನೂ ಗೊತ್ತು. ಊರೋರ ಮಾತು ಬುಟ್ಟು ನಿಮ್ಮ ಭಯವನ್ನ ಅವಳ ಹತ್ರ ನೇರವಾಗಿ ಹೇಳಿ, ಅವಳು ಕೇಳ್ತಾಳೆ. ಫೋನಿನಲ್ಲಿ ಎಲ್ಲಿದ್ದಾಳೆ ಅಂತ ಕಾಣೋ ಹಂಗೆ ಮಾಡ್ಕೊಡ್ತಾಳಂತೆ, ಗುಂಡ್ಲುಪೇಟೆ ದಾಟೋ ದಿನ ಅವಳ ಗಂಡ ಸ್ಕೂಟರಿನಲ್ಲಿ ಹಿಂದೆ ಹೋಗ್ಲಿ. ಅವನೂ ಈ ವಿಷಯದಲ್ಲಿ ಬಾಯಿಗೆ ಬೀಗ ಹಾಕ್ಕಂಡು ಕೂತದು ಸಾಕು.

ಸೈಕಲ್ ಈಗ ನಮ್ಮ ಹಟ್ಟೀಲಿ ಅದೆ, ಪಡಸಾಲೆ ಮೂಲೇಲಿ, ರಾಗಿ ಮೂಟೆ ಪಕ್ಕ. ನಾನೇ ತಂದಿಟ್ಟಿದ್ದೀನಿ. ಗಿರಾಕಿ ಬಂದ್ರೆ ಕಾಫಿ ಕೊಟ್ಟು ಕಳಿಸ್ತೀನಿ. ಬರೋ ಮಂಗಳವಾರ ಐಎನ್‌ಆರ್ ಪರೀಕ್ಷೆಗೆ ಮೈಸೂರಿಗೆ ಹೋಗಬೇಕು, ಬೆಳಿಗ್ಗೆ ಮೊದಲ ಬಸ್ಸು. ಜೊತೇಲಿ ಒಬ್ಬರು ಬೇಕು, ನನಗೆ ಅವತ್ತು ಹೂವಿನ ಕೊಯ್ಲು. ಅವಳ ಎದೆ ಬಗ್ಗೆ ಇಷ್ಟು ದಿನ ಮಾತಾಡಿದೋರಲ್ಲಿ ಯಾರು ಬತ್ತೀರಿ ಅಂತ ಭಾನುವಾರದೊಳಗೆ ಹೇಳಿ.